ಆ ಫೋಟೋದ ಎಂಜಿನ್ ನಮ್ಮ ಘಾಟಿನದಲ್ಲ

ಮಳೆಗಾಲ ಶುರುವಾಯಿತೆಂದರೆ ನಮ್ಮ ಖಾನಾಪುರ ತಾಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ದೂಧಸಾಗರದ ಫೋಟೋಗಳು ಓಡಾಡುತ್ತವೆ. ಹಾಲಿನ ಹಾಗೆ ಸುರಿಯುವ ನೀರು, ಅದರ ಮುಂದೆ ಕಲ್ಲಿನ ಸೇತುವೆ, ಸೇತುವೆ ಮೇಲೆ ರೈಲು. ಈಚೆಗೆ ಇವುಗಳ ಜೊತೆ ಇನ್ನೊಂದು ಫೋಟೋ ಸೇರಿಕೊಂಡಿದೆ. ಎರಡೂ ಕಡೆ ಮೂತಿ ಇರುವ ಭಾರೀ ಕಪ್ಪು ಉಗಿ ಎಂಜಿನ್. ಇಂಗ್ಲಿಷರ ಕಾಲದಲ್ಲಿ ಕ್ಯಾಸಲ್‌ರಾಕ್ ಘಾಟ್ ಹತ್ತುತ್ತಿದ್ದ ಎಂಜಿನ್ ಇದೇ, ಎಲ್ಲರಿಗೂ ಕಳಿಸಿ ಎಂದು ಅದರ ಕೆಳಗೆ ಬರೆದಿರುತ್ತದೆ. ಮರಾಠಿಯಲ್ಲೂ ಅದೇ ಬರಹ ಬಂದಿದೆ.

ನಾನು ಬೆಳಗಾವಿಯಿಂದ ಖಾನಾಪುರ, ಲೋಂಡಾ ಕಡೆಯ ಸುದ್ದಿ ಕಳಿಸುವ ಸ್ಟ್ರಿಂಜರ್. ನಾನು ಸುದ್ದಿ ಕೊಡುವ ಪತ್ರಿಕೆಯ ಡೆಸ್ಕ್‌ನವರೊಬ್ಬರಿಗೂ ಈ ಫೋಟೋ ತಲುಪಿತ್ತು. "ಇದರ ಮೇಲೆ ಒಂದು ಐಟಮ್ ಮಾಡ್ರಿ, ಓದ್ತಾರ" ಅಂದರು. ಹೈಸ್ಕೂಲ್ ಹುಡುಗನೊಬ್ಬ ಅದನ್ನೇ ಪ್ರಿಂಟ್ ತೆಗೆಸಿ ಶಾಲೆಯ ಪ್ರಾಜೆಕ್ಟ್‌ಗೆ ಅಂಟಿಸಿದ್ದನ್ನೂ ನೋಡಿದೆ. ಹಾಗಾಗಿ ಫೋಟೋವನ್ನು ದೊಡ್ಡದು ಮಾಡಿ, ಸಾವಕಾಶವಾಗಿ ನೋಡಿದೆ.

ಎಂಜಿನ್ ಮೇಲೆ 815 ಎಂಬ ಸಂಖ್ಯೆ ಕಾಣುತ್ತಿತ್ತು. ಆ ಸಂಖ್ಯೆಯ ಎಂಜಿನ್ ಈಗಲೂ ಇದೆ, ದೆಹಲಿಯ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ. ಅದು ಬೆಂಗಾಲ್ ನಾಗಪುರ ರೈಲ್ವೆಯದು. ಈಗಿನ ಜಾರ್ಖಂಡ್, ಛತ್ತೀಸಗಢ ಕಡೆ ಕಲ್ಲಿದ್ದಲು ಮತ್ತು ಅದಿರಿನ ಗಾಡಿ ಎಳೆದದ್ದು. ಎಲ್ಲಕ್ಕಿಂತ ಮುಖ್ಯವಾಗಿ ಅದು ಬ್ರಾಡ್ ಗೇಜ್ ಎಂಜಿನ್. ಅಂದರೆ ಎರಡು ಹಳಿಗಳ ನಡುವೆ 1676 ಮಿಲಿಮೀಟರ್ ಅಂತರ ಇರುವ ದಾರಿಯದು. ನಮ್ಮ ಘಾಟಿನಲ್ಲಿ 1990ರ ದಶಕದವರೆಗೆ ಇದ್ದದ್ದು ಮೀಟರ್ ಗೇಜ್, ಸರಿಯಾಗಿ 1000 ಮಿಲಿಮೀಟರ್. ಉಗಿ ಎಂಜಿನ್ನಿನ ಕಾಲ ಪೂರ್ತಿ ನಮ್ಮಲ್ಲಿ ಮೀಟರ್ ಗೇಜ್‌ನಲ್ಲೇ ಕಳೆಯಿತು. ಆ ಎಂಜಿನ್ನಿನ ಗಾಲಿ ನಮ್ಮ ಹಳಿಯ ಮೇಲೆ ಕೂರುವುದೇ ಇಲ್ಲ. ಎತ್ತಿನ ಗಾಡಿಯನ್ನು ತಂದು ಸೈಕಲ್ ದಾರಿಯಲ್ಲಿ ನಿಲ್ಲಿಸಿದ ಹಾಗೆ.

ಅಲ್ಲಿಗೆ ಐಟಮ್ ಮುಗಿಯಿತು. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು. ಅಂಥ ಎರಡು ಮೂತಿಯ ಎಂಜಿನ್ ಯಾಕೆ ಬೇಕಾಯಿತು? ನಮ್ಮ ಘಾಟ್ ಹತ್ತಿದ್ದು ಹೇಗೆ?

ಮೊದಲು ಘಾಟಿನ ವಿಷಯ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗೆ 26 ಕಿಲೋಮೀಟರ್. ನಡುವೆ ಕರಂಜೋಳ, ದೂಧಸಾಗರ, ಸೋನಾಲಿಂ ಸ್ಟೇಷನ್‌ಗಳು. ಇಷ್ಟು ದಾರಿಯಲ್ಲಿ ಹಳಿ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಇಳಿಯುತ್ತದೆ. ಇಳಿಜಾರಿನ ಲೆಕ್ಕ 37ಕ್ಕೆ 1. ಅಂದರೆ 37 ಅಡಿ ಮುಂದೆ ಹೋದರೆ 1 ಅಡಿ ಏರು. ನಮ್ಮ ಚೋರ್ಲಾ ಘಾಟಿನಲ್ಲಿ ಬೈಕ್ ಓಡಿಸಿದವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಬೈಕಿಗೆ ಇರುವುದು ರಬ್ಬರ್ ಟೈರ್. ರೈಲಿನದು ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ. ಸಪಾಟು ನೆಲದಲ್ಲಿ ಅದೇ ಅದರ ಶಕ್ತಿ, ಸ್ವಲ್ಪ ಎಳೆದರೂ ಸಾಕು, ಜಾರಿಕೊಂಡು ಹೋಗುತ್ತದೆ. ಏರಿನಲ್ಲಿ ಅದೇ ಅದರ ದೌರ್ಬಲ್ಯ.

ಲೆಕ್ಕ ಹಾಕಿ ನೋಡೋಣ. 37ಕ್ಕೆ 1 ಏರಿನಲ್ಲಿ ಪ್ರತಿ 100 ಟನ್ ತೂಕವನ್ನು ಮೇಲಕ್ಕೆ ಎಳೆಯಲು ಏರಿಗಾಗಿಯೇ 2.7 ಟನ್ ಎಳೆತ ಬೇಕು. 400 ಟನ್ ಗಾಡಿ, 100 ಟನ್ ಎಂಜಿನ್ ಅಂದುಕೊಂಡರೆ ಒಟ್ಟು ಹದಿಮೂರೂವರೆ ಟನ್ ಎಳೆತ. ಉಕ್ಕಿನ ಗಾಲಿ ಜಾರದೆ ಎಳೆಯಬಲ್ಲದ್ದು ತನ್ನ ಮೇಲೆ ಬಿದ್ದ ತೂಕದ ನಾಲ್ಕನೇ ಒಂದು ಭಾಗದಷ್ಟು ಮಾತ್ರ. ಅದೂ ಹಳಿ ಒಣಗಿದ್ದಾಗ. ಮೀಟರ್ ಗೇಜ್‌ನಲ್ಲಿ ಗೂಡ್ಸ್ ಗಾಡಿಗೆ ದೇಶದ ತುಂಬ ಬಳಸಿದ ವೈಜಿ ಎಂಜಿನ್ನಿಗೆ ಎಳೆಯುವ ಗಾಲಿಗಳು ಎಂಟು, ಅಚ್ಚು ನಾಲ್ಕು. ಒಂದೊಂದು ಅಚ್ಚಿನ ಮೇಲೆ ಹತ್ತು ಟನ್ ಚಿಲ್ಲರೆ. ಒಟ್ಟು ನಲವತ್ತು ಟನ್ ಚಿಲ್ಲರೆ ಆದರೆ ಎಳೆಯಲು ಸಿಗುವುದು ಹತ್ತು ಟನ್. ಬೇಕಾದದ್ದು ಹದಿಮೂರೂವರೆ. ಗಾಲಿ ನಿಂತಲ್ಲೇ ಗಿರಗಿರ ತಿರುಗುತ್ತದೆ, ಗಾಡಿ ಏರುವುದಿಲ್ಲ.

ಹಾಗಾದರೆ ಎಂಜಿನ್ ಉದ್ದ ಮಾಡಿ, ಗಾಲಿ ಹೆಚ್ಚು ಹಾಕಿದರಾಯಿತಲ್ಲ? ಆಗುವುದಿಲ್ಲ. ಗುಡ್ಡದ ಹಳಿ ಹಾವಿನ ಹಾಗೆ ಸುತ್ತುತ್ತದೆ. ಉದ್ದನೆಯ ಗಟ್ಟಿ ಚೌಕಟ್ಟು ತಿರುವಿನಲ್ಲಿ ಸಿಕ್ಕಿಬೀಳುತ್ತದೆ ಅಥವಾ ಹಳಿ ಬಿಟ್ಟು ಹೊರಗೆ ಬರುತ್ತದೆ.

ಇದಕ್ಕೆ ಉತ್ತರ ನಮ್ಮ ಬೆಳಗಾವಿ ಜಿಲ್ಲೆಯ ರಸ್ತೆಗಳಲ್ಲೇ ಇದೆ. ಕಬ್ಬಿನ ಸೀಜನ್‌ನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಊರೊಳಗಿನ ಮೂಲೆ ತಿರುಗುವುದನ್ನು ನೋಡಿದ್ದೀರಿ. ಅಷ್ಟು ಉದ್ದದ ಲಾರಿ ಆ ಮೂಲೆಯಲ್ಲಿ ತಿರುಗಲಾರದು. ಟ್ರ್ಯಾಕ್ಟರ್ ತಿರುಗುತ್ತದೆ, ಯಾಕೆಂದರೆ ನಡುವೆ ಪಿನ್ನು ಇದೆ, ಅಲ್ಲಿ ಮಡಚಿಕೊಳ್ಳುತ್ತದೆ. ನೂರೈವತ್ತು ವರ್ಷಗಳ ಹಿಂದೆ ಎಂಜಿನಿಯರುಗಳು ಇದೇ ಬುದ್ಧಿ ಓಡಿಸಿದರು. ಒಂದೇ ಎಂಜಿನ್, ಆದರೆ ನಡುವೆ ಕೀಲು. ಮುಂದೆ ಒಂದು ಗಾಲಿಗಳ ಗುಂಪು, ಹಿಂದೆ ಇನ್ನೊಂದು ಗುಂಪು. ಎರಡಕ್ಕೂ ಉಗಿ ಕೊಡುವುದು ಒಂದೇ ಕಡೆಯಿಂದ, ಆದರೆ ತಿರುವಿನಲ್ಲಿ ಎರಡೂ ಬೇರೆ ಬೇರೆಯಾಗಿ ಹೊರಳುತ್ತವೆ.

ಸ್ಕಾಟ್ಲೆಂಡಿನ ರಾಬರ್ಟ್ ಫೇರ್ಲಿ 1864ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆತ ಎರಡು ಬಾಯ್ಲರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ. ವೇಲ್ಸ್‌ನ ಫೆಸ್ಟಿನಿಯೋಗ್ ಎಂಬ ಸಣ್ಣ ಗುಡ್ಡದ ರೈಲ್ವೆಯಲ್ಲಿ ಅಂಥ ಎಂಜಿನ್ 1869ರಲ್ಲಿ ಓಡಿತು. ಆಮೇಲೆ ಅನಾತೋಲ್ ಮಾಲೆ ಎಂಬಾತ ಇನ್ನೊಂದು ದಾರಿ ಹಿಡಿದ. ಹಿಂದಿನ ಗಾಲಿಗಳು ಚೌಕಟ್ಟಿಗೇ ಗಟ್ಟಿ, ಮುಂದಿನವು ಮಾತ್ರ ಹೊರಳುತ್ತವೆ. ಒಮ್ಮೆ ಹಿಂದಿನ ಸಿಲಿಂಡರಿನಲ್ಲಿ ಕೆಲಸ ಮಾಡಿದ ಉಗಿಯನ್ನು ಬಿಸಾಡದೆ ಮುಂದಿನ ಸಿಲಿಂಡರಿನಲ್ಲಿ ಮತ್ತೊಮ್ಮೆ ದುಡಿಸಿದ.

ಮೂರನೆಯವನು ಹರ್ಬರ್ಟ್ ಗ್ಯಾರಟ್. ವಾಟ್ಸಾಪ್ ಫೋಟೋದಲ್ಲಿರುವುದು ಇವನ ಎಂಜಿನ್. ಇದನ್ನು ತಿಳಿಯಲು ನಮ್ಮ ಊರ ಜಾತ್ರೆಯ ಪಲ್ಲಕ್ಕಿ ನೆನಸಿಕೊಳ್ಳಿ. ಮುಂದೆ ಹೊರುವವರು, ಹಿಂದೆ ಹೊರುವವರು, ನಡುವೆ ದೇವರು. ಓಣಿಯ ತಿರುವಿನಲ್ಲಿ ಮುಂದಿನವರ ಕಾಲು ಒಂದು ಕಡೆ, ಹಿಂದಿನವರ ಕಾಲು ಇನ್ನೊಂದು ಕಡೆ ಇದ್ದರೂ ಪಲ್ಲಕ್ಕಿ ಸಾಗುತ್ತದೆ. ಗ್ಯಾರಟ್ ಎಂಜಿನ್ನಿನಲ್ಲಿ ಬಾಯ್ಲರೇ ದೇವರು. ಮುಂದಿನ ಮತ್ತು ಹಿಂದಿನ ಗಾಲಿಗಳ ಮೇಲೆ ನೀರಿನ ಟ್ಯಾಂಕು, ಕಲ್ಲಿದ್ದಲು. ಬಾಯ್ಲರಿನ ಕೆಳಗೆ ಗಾಲಿಯ ಅಡ್ಡಿ ಇಲ್ಲದ್ದರಿಂದ ಅದನ್ನು ಬೇಕಾದಷ್ಟು ದಪ್ಪ ಮಾಡಬಹುದು, ಬೆಂಕಿಯ ಗೂಡನ್ನು ಆಳವಾಗಿ ಇಳಿಸಬಹುದು.

ಇಂಥ ಮೊದಲ ಎಂಜಿನ್ನನ್ನು ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಂಪನಿ 1909ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪಕ್ಕಾಗಿ ಕಟ್ಟಿತು. ಅದಾದ ಕೂಡಲೇ ಬಂದದ್ದು ನಮ್ಮ ದೇಶಕ್ಕೆ, ಡಾರ್ಜಿಲಿಂಗ್ ಗುಡ್ಡದ ರೈಲಿಗೆ. ಕೆಲವೇ ವರ್ಷಗಳಲ್ಲಿ ಆಫ್ರಿಕಾದ ಗುಡ್ಡಗಾಡುಗಳಲ್ಲೆಲ್ಲ ಗ್ಯಾರಟ್ ಎಂಜಿನ್ನುಗಳು ಓಡಾಡಿದವು. 1930ರ ಹೊತ್ತಿಗೆ ಬೆಂಗಾಲ್ ನಾಗಪುರ ರೈಲ್ವೆಗೆ ಬಂದವು ಸುಮಾರು 230 ಟನ್ ತೂಕದವು, ಎಳೆಯುವ ಗಾಲಿಗಳೇ ಹದಿನಾರು.

ಆದರೆ ಡಾರ್ಜಿಲಿಂಗ್‌ನಲ್ಲಿ ಏನಾಯಿತು ಗೊತ್ತೇ? ಅಲ್ಲಿ ಗ್ಯಾರಟ್ ತರಿಸಿದ್ದು ಒಂದೇ. ಎರಡನೆಯದನ್ನು ತರಿಸಲಿಲ್ಲ. ತಮ್ಮ ಹಳೆಯ ಪುಟ್ಟ ಎಂಜಿನ್ನುಗಳನ್ನೇ ನಂಬಿದರು. ಗಾಡಿ ದೊಡ್ಡದಾದರೆ ತುಂಡು ಮಾಡಿ, ಒಂದರ ಹಿಂದೆ ಒಂದು ಬಿಟ್ಟರು. ನೀಲಗಿರಿಯಲ್ಲಿ ಮೇಟ್ಟುಪಾಳ್ಯಂನಿಂದ ಊಟಿಗೆ ಹೋಗುವ ದಾರಿ 12ಕ್ಕೆ 1ರಷ್ಟು ಕಡಿದು. ಅಲ್ಲಿ ಕೀಲಿನ ಎಂಜಿನ್ ಅಲ್ಲ, ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಅದನ್ನು ಕಚ್ಚಿ ಹತ್ತುವ ಸ್ವಿಸ್ ಎಂಜಿನ್ ತಂದರು. ಮುಂಬೈ ಹತ್ತಿರದ ಮಾಥೇರಾನ್‌ನಲ್ಲಿ 1907ರಲ್ಲಿ ಬಂದ ಜರ್ಮನ್ ಎಂಜಿನ್ನುಗಳಲ್ಲಿ ಇಡೀ ಎಂಜಿನ್ ಮಡಚುವ ಬದಲು ತುದಿಯ ಅಚ್ಚುಗಳಷ್ಟೇ ಆಚೀಚೆ ಸರಿಯುತ್ತಿದ್ದವು. ಒಂದೊಂದು ಗುಡ್ಡಕ್ಕೆ ಒಂದೊಂದು ಉಪಾಯ.

ನಮ್ಮ ಗುಡ್ಡದ ಉಪಾಯ ಇವೆಲ್ಲಕ್ಕಿಂತ ಸಾದಾ. ಅದು ಬ್ಯಾಂಕರ್. ಬ್ಯಾಂಕ್ ಉದ್ಯೋಗಿ ಅಲ್ಲ, ಹಿಂದಿನಿಂದ ತಳ್ಳುವ ಎಂಜಿನ್ನಿಗೆ ರೈಲ್ವೆಯವರು ಹೇಳುವ ಹೆಸರು ಇದು. ಹೇರು ತುಂಬಿದ ಗಾಡಿ ಏರಿನಲ್ಲಿ ನಿಂತರೆ ನಮ್ಮ ಅಜ್ಜಂದಿರು ಏನು ಮಾಡುತ್ತಿದ್ದರು? ಮುಂದೆ ಇನ್ನೊಂದು ಜೋಡಿ ಎತ್ತು ಹೂಡುತ್ತಿದ್ದರು, ಹಿಂದೆ ನಾಲ್ಕು ಜನ ಕೈ ಹಚ್ಚುತ್ತಿದ್ದರು. ಅದೇ.

ಈ ದಾರಿ ಹುಟ್ಟಿದ ಕತೆಯೂ ಹೇಳಬೇಕು. 1878ರಲ್ಲಿ ಇಂಗ್ಲಿಷರು ಮತ್ತು ಪೋರ್ಚುಗೀಸರು ಒಪ್ಪಂದ ಮಾಡಿಕೊಂಡರು. ಮುರಗಾಂವ ಬಂದರಿನಿಂದ ಗಡಿಯವರೆಗೆ ಪೋರ್ಚುಗೀಸ್ ಕಡೆಯ ರೈಲು, ಗಡಿಯಿಂದ ಈಚೆ ಸದರ್ನ್ ಮರಾಠಾ ರೈಲ್ವೆ. 1888ರ ಹೊತ್ತಿಗೆ ಕ್ಯಾಸಲ್‌ರಾಕ್‌ವರೆಗೆ ದಾರಿ ಮುಗಿಯಿತು. ಪೋರ್ಚುಗಲ್ ರಾಜಮನೆತನದ ಹೆಸರನ್ನೇ ಘಾಟಿಗೆ ಇಟ್ಟು ಬ್ರಾಗಾಂಜಾ ಘಾಟ್ ಎಂದರು. 1902ರಲ್ಲಿ ಆ ಕಡೆಯ ದಾರಿಯನ್ನು ನಡೆಸುವ ಕೆಲಸವೂ ಧಾರವಾಡದಲ್ಲಿ ಕಚೇರಿ ಇದ್ದ ಸದರ್ನ್ ಮರಾಠಾ ರೈಲ್ವೆಗೇ ಬಂತು. ಗಡಿ ಬೇರೆ, ರಾಜ ಬೇರೆ, ಆದರೆ ಘಾಟ್ ಹತ್ತಿಸುವ ಕೆಲಸ ನಮ್ಮ ಕಡೆಯವರದ್ದು.

ಲೋಂಡಾದಲ್ಲಿ ಒಬ್ಬ ಹಿರಿಯರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಮೀಟರ್ ಗೇಜ್ ಕಾಲದಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಬ್ರಾಡ್ ಗೇಜ್ ಬಂದ ಮೇಲೆ ರಿಟೈರ್ ಆದವರು. ಅವರ ತಂದೆ ಉಗಿ ಎಂಜಿನ್ನಿನ ಫಾಯರ್‌ಮನ್. ನಾನು ಮೊಬೈಲಿನಲ್ಲಿದ್ದ ಆ ಎರಡು ಮೂತಿಯ ಎಂಜಿನ್ ತೋರಿಸಿ, "ಕಾಕಾ, ಇಂಥಾದ್ದು ಇತ್ತೇನ್ರಿ ನಮ್ಮ ಕಡೆ?" ಎಂದು ಕೇಳಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಛಲೋ ಐತಿ ನೋಡಾಕ. ನಮ್ಮ ಅಪ್ಪ ಇದರ ಸುದ್ದಿ ಎಂದೂ ಹೇಳಿಲ್ಲ. ಅಂವಾ ಹೇಳತಿದ್ದದ್ದು ಹಿಂದಿನ ಎಂಜಿನ್ ಸುದ್ದಿ ಅಷ್ಟ."

ಗೋವಾ ನಮ್ಮ ದೇಶಕ್ಕೆ ಸೇರಿದ ಮೇಲೆ, ಅರವತ್ತರ ದಶಕದಲ್ಲಿ, ಅವರ ತಂದೆ ಬ್ಯಾಂಕರ್ ಮೇಲೆ ದುಡಿದಿದ್ದರಂತೆ. ಕಾಕಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ತಮ್ಮಾ, ಮುಂದಿನ ಎಂಜಿನ್ನಿನಾವರಿಗೆ ದಾರಿ ಕಾಣತದ. ಹಿಂದಿನಾವರಿಗೆ ಏನೂ ಕಾಣಂಗಿಲ್ಲ, ಡಬ್ಬಿ ಬೆನ್ನು ಅಷ್ಟ. ಮುಂದಿನಾವ ಸೀಟಿ ಹೊಡದಾಗ ಇಂವಾ ತಿಳಕೋಬೇಕು, ಈಗ ಒತ್ತಬೇಕು, ಈಗ ಬಿಡಬೇಕು ಅಂತ. ಬೋಗದಾ ಬಂತು ಅಂದ್ರ ಮುಗೀತು. ಮುಂದಿನ ಎಂಜಿನ್ ಬಿಟ್ಟ ಹೊಗಿ ಎಲ್ಲಾ ಒಳಗ ತುಂಬಿರತಿತ್ತು. ಅದರಾಗ ಇವರದು ಹೋಗೂದು. ಒದ್ದಿ ಮಾಡಿದ ಅರಬಿ ಮುಖಕ್ಕ ಕಟ್ಟಿಕೊಂಡು ಕೆಳಗ ಕುಂಡ್ರತಿದ್ದರಂತ. ಹಂಗಂತ ಸಲಿಕಿ ಬಿಡಾಕ ಬರಂಗಿಲ್ಲ. ಉಗಿ ಕಡಿಮಿ ಆತಂದ್ರ ಗಾಡಿ ಬೋಗದಾದಾಗ ನಿಂತಬಿಡತದ."

ತಂದೆ ರಿಟೈರ್ ಆದ ಮೇಲೂ ವರ್ಷಾನುಗಟ್ಟಲೆ ಕೆಮ್ಮುತ್ತಿದ್ದರಂತೆ. ರಾತ್ರಿ ಮಲಗಿದಾಗ ಆ ಕೆಮ್ಮಿನ ಸದ್ದು ಕೇಳಿಯೇ ತಾವು ದೊಡ್ಡವರಾದದ್ದು ಎಂದರು ಕಾಕಾ. ಆಮೇಲೆ ನನ್ನ ಮೊಬೈಲ್ ವಾಪಸ್ ಕೊಡುತ್ತಾ ಒಂದು ಮಾತು ಹೇಳಿದರು. "ಫೋಟೋ ಹಾಕೂದು ಇದ್ದರ ನಮ್ಮದ ಹಾಕ್ರಿ. ಇನ್ನೊಬ್ಬರ ಎಂಜಿನ್ ತಂದು ನಮ್ಮ ಘಾಟಿಗೆ ಯಾಕ ನಿಂದರಸತೀರಿ?"

ನನಗೆ ಆ ಫಾರ್ವರ್ಡ್‌ನ ತೊಂದರೆ ಏನೆಂದು ಅರ್ಥವಾದದ್ದು ಆಗ. ಅದು ಬರೀ ತಪ್ಪು ಮಾಹಿತಿ ಅಲ್ಲ. ಒಂದು ದೈತ್ಯ ಯಂತ್ರ ಬಂತು, ಗುಡ್ಡ ಹತ್ತಿತು ಎಂದು ನಂಬಿದರೆ, ಹಿಂದಿನ ಎಂಜಿನ್ನಿನಲ್ಲಿ ಹೊಗೆ ಕುಡಿದವರು ಕತೆಯಿಂದಲೇ ಹೊರಗೆ ಬೀಳುತ್ತಾರೆ. ಮೇಲಿನ ಲೆಕ್ಕಕ್ಕೆ ಮತ್ತೆ ಹೋಗಿ. ಒಂದು ಎಂಜಿನ್ನಿನ ಹತ್ತು ಟನ್ ಎಳೆತ ಸಾಲುವುದಿಲ್ಲ. ಎರಡು ಎಂಜಿನ್ ಸೇರಿದರೆ ಇಪ್ಪತ್ತು ಟನ್. ಗಾಡಿಯ 400 ಟನ್ನಿಗೆ ಎರಡು ಎಂಜಿನ್ನಿನ 200 ಟನ್ ಕೂಡಿಸಿದರೂ ಏರಿಗೆ ಬೇಕಾದದ್ದು ಹದಿನಾರು ಟನ್ ಚಿಲ್ಲರೆ. ಗಾಲಿಯ ತಿಕ್ಕಾಟಕ್ಕೆ ಇನ್ನಷ್ಟು ತೆಗೆದರೂ ಗಾಡಿ ಹತ್ತುತ್ತದೆ. ಆ ಎರಡನೆಯ ಹತ್ತು ಟನ್ ಬಂದದ್ದು ಹಿಂದಿನವರ ಸಲಿಕೆಯಿಂದ.

ಬ್ಯಾಂಕರ್ ಹಿಂದೆಯೇ ಯಾಕೆ ಇರಬೇಕು, ಎರಡೂ ಎಂಜಿನ್ ಮುಂದೆಯೇ ಕಟ್ಟಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಎಲ್ಲಾ ಎಳೆತ ಮುಂದಿನಿಂದಲೇ ಬಂದರೆ ಎಂಜಿನ್ನಿನ ಹಿಂದಿನ ಮೊದಲ ಡಬ್ಬಿಯ ಕೊಂಡಿಯ ಮೇಲೆ ಇಡೀ ಗಾಡಿಯ ಭಾರ ಬೀಳುತ್ತದೆ, ಅದು ಹರಿಯಬಹುದು. ಹಿಂದಿನಿಂದ ತಳ್ಳಿದರೆ ಭಾರ ಹಂಚಿಹೋಗುತ್ತದೆ. ಅಕಸ್ಮಾತ್ ನಡುವೆ ಕೊಂಡಿ ಬಿಟ್ಟರೂ ಹಿಂದಿನ ಡಬ್ಬಿಗಳು ಇಳಿಜಾರಿನಲ್ಲಿ ಓಡಿಹೋಗದಂತೆ ಬ್ಯಾಂಕರ್ ತಡೆದು ಹಿಡಿಯುತ್ತದೆ.

ಗ್ಯಾರಟ್ ಎಂಜಿನ್ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಅದು ಜಾಣ ಯಂತ್ರ. ಎರಡು ಎಂಜಿನ್ನಿನ ಕೆಲಸವನ್ನು ಒಬ್ಬ ಡ್ರೈವರ್, ಒಂದೇ ಬಾಯ್ಲರಿನಿಂದ ಮಾಡಿಸುತ್ತಾನೆ. ಆದರೆ ಅದಕ್ಕೂ ಸಮಸ್ಯೆಗಳಿವೆ. ನೀರು, ಕಲ್ಲಿದ್ದಲು ಗಾಲಿಗಳ ಮೇಲೆಯೇ ಇರುವುದರಿಂದ ಅವು ಖಾಲಿಯಾದಂತೆ ಗಾಲಿಯ ಮೇಲಿನ ತೂಕ ಇಳಿಯುತ್ತದೆ, ಹಿಡಿತ ಸಡಿಲಾಗುತ್ತದೆ. ಅದೊಂದು ಕೆಟ್ಟರೆ ಎರಡು ಎಂಜಿನ್ನಿನ ಬಲ ಒಮ್ಮೆಗೇ ಹೋದ ಹಾಗೆ. ಘಾಟ್ ಇರುವುದು 26 ಕಿಲೋಮೀಟರ್. ಬ್ಯಾಂಕರ್ ಆದರೆ ಘಾಟ್ ಮುಗಿದ ಕೂಡಲೇ ಬಿಚ್ಚಿಕೊಂಡು ಕೆಳಗಿಳಿದು ಮುಂದಿನ ಗಾಡಿಗೆ ಹೆಗಲು ಕೊಡಬಹುದು. ಸಪಾಟು ದಾರಿಯಲ್ಲಿ ಸುಮ್ಮನೆ ಭಾರವಾಗಿ ಕೂರುವುದಿಲ್ಲ.

ಉಗಿ ಹೋಯಿತು, ಡೀಸೆಲ್ ಬಂತು. ಮೀಟರ್ ಗೇಜ್ ಹೋಯಿತು, ಬ್ರಾಡ್ ಗೇಜ್ ಬಂತು. ಬ್ಯಾಂಕರ್ ಮಾತ್ರ ಹೋಗಲಿಲ್ಲ. ಮುರಗಾಂವ ಬಂದರಿನಿಂದ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ತರುವ ಗೂಡ್ಸ್ ಗಾಡಿಗೆ ಇವತ್ತಿಗೂ ಹಿಂದೆ ಎಂಜಿನ್ ಹಚ್ಚಿಯೇ ಹತ್ತಿಸುವುದು. ಇಳಿಯುವ ಗಾಡಿ ಕ್ಯಾಸಲ್‌ರಾಕ್‌ನಲ್ಲಿ ನಿಂತು ಬ್ರೇಕ್ ತಪಾಸಣೆ ಮಾಡಿಸಿಕೊಂಡೇ ಮುಂದೆ ಹೋಗಬೇಕು. ಗುಡ್ಡ ತನ್ನ ನಿಯಮ ಬದಲಿಸಿಲ್ಲ.

ಅದನ್ನು ಮರೆತಾಗ ಗುಡ್ಡವೇ ನೆನಪಿಸುತ್ತದೆ. 2021ರ ಜುಲೈ ಮಳೆಯಲ್ಲಿ ಕೊಂಕಣ ದಾರಿ ಬಂದ್ ಆಗಿ, ಈ ಕಡೆ ತಿರುಗಿಸಿದ್ದ ಮಂಗಳೂರು-ಮುಂಬೈ ರೈಲು ದೂಧಸಾಗರ-ಸೋನಾಲಿಂ ನಡುವೆ ಗುಡ್ಡ ಕುಸಿದು ಹಳಿ ತಪ್ಪಿತು. ಈ ಘಾಟಿನಲ್ಲಿ ಇನ್ನೊಂದು ಹಳಿ ಹಾಕುವ ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಹಳಿ ಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಊರುಗಳ ಚಹಾದಂಗಡಿಯಲ್ಲೂ ನಡೆಯುತ್ತದೆ. ಆ ಚರ್ಚೆ ಮಾಡುವವರು ಈ ಘಾಟಿನಲ್ಲಿ ಯಾರು ಹೇಗೆ ದುಡಿದರು ಎಂಬುದನ್ನು ತಿಳಿದು ಮಾತಾಡಿದರೆ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಬೆಂಗಾಲ್ ನಾಗಪುರದ ಎಂಜಿನ್ ದೆಹಲಿಯಲ್ಲಿ ಬಣ್ಣ ಹಚ್ಚಿಸಿಕೊಂಡು ನಿಂತಿದೆ. ಟಾಸ್ಮೇನಿಯಾದ ಆ ಮೊದಲ ಗ್ಯಾರಟ್ ಕೂಡ ಜೋಪಾನವಾಗಿದೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದು ರೈಲು ಮ್ಯೂಸಿಯಂ ಆಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಆದರೆ ಹಿಂದಿನ ಎಂಜಿನ್ನಿನಲ್ಲಿ ಅರಬಿ ಕಟ್ಟಿಕೊಂಡು ಕುಳಿತವರನ್ನು ಯಾವ ಮ್ಯೂಸಿಯಂನಲ್ಲೂ ನಿಲ್ಲಿಸಲು ಬರುವುದಿಲ್ಲ. ಅವರು ಇರುವುದು ಮನೆಮಂದಿಯ ನೆನಪಿನಲ್ಲಿ, ಟ್ರಂಕಿನ ತಳದಲ್ಲಿ.

ಹಾಗಾಗಿ ಒಂದು ವಿನಂತಿ. ಖಾನಾಪುರ, ಗುಂಜಿ, ಲೋಂಡಾ, ತಿನೈಘಾಟ, ಕ್ಯಾಸಲ್‌ರಾಕ್ ಕಡೆ ನಿಮ್ಮ ಮನೆಯಲ್ಲಿ ಯಾರಾದರೂ ರೈಲ್ವೆಯಲ್ಲಿ ದುಡಿದಿದ್ದರೆ, ಅವರ ಹಳೆಯ ಪಾಸು, ಡ್ಯೂಟಿ ಪುಸ್ತಕ, ಗ್ಯಾಂಗಿನವರ ಜೊತೆ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ಬಿಸಾಡಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಫೋಟೋದಲ್ಲಿರುವವರ ಹೆಸರನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಆಮೇಲೆ ಬೇಕಾದರೆ ಅದನ್ನೇ ಗುಂಪಿಗೆ ಹಾಕಿ. ಎಷ್ಟು ಜನಕ್ಕೆ ಕಳಿಸಿದರೂ ಅದು ನಮ್ಮದೇ ಫೋಟೋ.